ವಾಹನವಾಗಿದ್ದರೆ ದನಕ್ಕೂ ಪ್ರವೇಶ

ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ತಪ್ಪಿದ್ದಕ್ಕೆ ಮೇಷ್ಟ್ರು ಬೆತ್ತ ಬೀಸಿ, "ನೀನು ದನ ಕಾಯಕ್ಕೇ ಲಾಯಕ್ಕು" ಅಂದಿದ್ದರು. ಅವರ ಮಾತು ಸುಳ್ಳು ಮಾಡಬೇಕೆಂದು ಹಟ ತೊಟ್ಟು ಇನ್ನೂ ಹನ್ನೊಂದು ವರ್ಷ ಓದಿದೆ. ಕೃಷಿಯಲ್ಲಿ ಒಂದು ಪದವಿ, ಅದರ ಮೇಲೊಂದು ಪದವಿ, ಹುಲ್ಲಿನ ಮೇಲೆ ನೂರಿಪ್ಪತ್ತು ಪುಟದ ಪ್ರಬಂಧ. ಕೊನೆಗೆ ಕೈಗೆ ಬಂದ ನೇಮಕಾತಿ ಪತ್ರದಲ್ಲಿ ಹೀಗಿತ್ತು: ಹುಲ್ಲುಗಾವಲು ನಿರ್ವಹಣಾ ತಂತ್ರಜ್ಞ, ಗಿರಿಜನರ ಮೇವಿನ ಪ್ರದೇಶ, ಹನ್ನೊಂದು ತಿಂಗಳ ಗುತ್ತಿಗೆ. ಮೇಷ್ಟ್ರ ಮಾತಿಗೆ ಮೊಹರು ಬಿದ್ದಿತ್ತು, ಅಷ್ಟೆ.

ನಮ್ಮೂರು ಕಟ್ಟೆಮಳಲವಾಡಿ. ಹೆಸರಿನಲ್ಲಿ ಕಟ್ಟೆ ಇದೆ, ಪಕ್ಕದಲ್ಲಿ ಲಕ್ಷ್ಮಣತೀರ್ಥ ಹರಿಯುತ್ತದೆ, ಆದರೆ ಲೋಕ ನಮ್ಮನ್ನು ಗುರುತಿಸುವುದು ಹೊಗೆಸೊಪ್ಪಿನ ಹರಾಜಿನಿಂದ. ಹರಾಜು ಕಟ್ಟೆಯಲ್ಲಿ ಬೇಲುಗಳ ಸಾಲಿನ ನಡುವೆ ರೇಟು ಕಾಯುತ್ತ ನಿಂತಿದ್ದ ಮಾವನಿಗೆ ಸುದ್ದಿ ಹೇಳಿದೆ.

"ಏನ್ ಕೆಲ್ಸ ಸಿಕ್ತಪ್ಪ?"

"ಹುಲ್ಲುಗಾವಲು ನಿರ್ವಹಣಾ ತಂತ್ರಜ್ಞ, ಮಾವ."

"ಅಂಗಂದ್ರೆ?"

"ಹಾಡಿ ಜನ ದನ ಮೇಯ್ಸೋ ಜಾಗದಲ್ಲಿ ಹುಲ್ಲು ಎಷ್ಟದೆ, ದನ ಎಷ್ಟವೆ, ಎಷ್ಟು ಮೇಯ್ಬಹುದು ಅಂತ ಲೆಕ್ಕ ಹಾಕೋದು."

ಮಾವ ಒಂದು ಬೇಲಿನ ಎಲೆ ಎಳೆದು, ಮೂಸಿ, ಮತ್ತೆ ಒಳಗೆ ತುರುಕಿದರು. "ದನ ಕಾಯೋನ್ನ ಕಾಯೋ ಕೆಲ್ಸ ಅನ್ನು."

ನೂರಿಪ್ಪತ್ತು ಪುಟದಲ್ಲಿ ನನಗೆ ಸಿಕ್ಕದ ವ್ಯಾಖ್ಯಾನ ಅದು.

ನಮ್ಮ ಸೀಮೆಯಲ್ಲಿ ಹುಲ್ಲಿನ ಬಗ್ಗೆ ಮಾತಾಡುವವನಿಗೆ ಮರ್ಯಾದೆ ಕಮ್ಮಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕೂ ತಾಲೂಕು ಬದುಕಿರುವುದು ದನ ಮೂಸಿ ಮುಖ ತಿರುಗಿಸುವ ಎಲೆಯ ಮೇಲೆ. ಒಂದು ಕಿಲೋ ಹೊಗೆಸೊಪ್ಪು ಬ್ಯಾರನ್‌ನಲ್ಲಿ ಬೇಯಬೇಕಾದರೆ ನಾಲ್ಕೈದು ಕಿಲೋ ಸೌದೆ ಉರಿಯಬೇಕು. ಗೋಮಾಳದ ಮರ ಬ್ಯಾರನ್‌ಗೆ ಹೋಯಿತು, ಗೋಮಾಳ ಹೊಗೆಸೊಪ್ಪಿಗೆ ಹೋಯಿತು, ಹೊಗೆಸೊಪ್ಪು ಹೊಗೆಯಾಗಿ ಹೋಯಿತು. ಉಳಿದದ್ದು ದನ. ಅದು ಹಟ್ಟಿಯಲ್ಲಿ ನಿಂತು, ಸೊಸೈಟಿಯಿಂದ ತಂದ ಬೂಸದ ಚೀಲದ ಮೇಲೆ ಅಚ್ಚು ಹಾಕಿದ ಹಸಿರು ಹುಲ್ಲುಗಾವಲಿನ ಚಿತ್ರ ನೋಡುತ್ತಿದೆ.

ಇದೇ ಹುಣಸೂರು ಒಂದು ಕಾಲಕ್ಕೆ ಮೈಸೂರು ಸೀಮೆಯ ಹುಲ್ಲಿನ ರಾಜಧಾನಿಯಾಗಿತ್ತೆಂದರೆ ಈಗ ನಂಬುವವರಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಟಿಪ್ಪು ಸತ್ತ ಮೇಲೆ ಎತ್ತುಗಳು ಕಂಪನಿಯ ಪಾಲಾದವು, ಹುಣಸೂರು ಆ ಇಲಾಖೆಗೆ ಕೇಂದ್ರವಾಯಿತು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹುಲ್ಲು ಯಾವ ತಿಂಗಳು ಎಲ್ಲಿ ಎಳಸಾಗಿರುತ್ತದೋ ಅಲ್ಲಿಗೆ ಹಿಂಡು ನಡೆಯುತ್ತಿತ್ತು. ಅದನ್ನು ನಡೆಸಿದವರ ಕೈಯಲ್ಲಿ ಒಂದು ಕೋಲಿತ್ತು, ಹೆಗಲ ಮೇಲೆ ಒಂದು ಕಂಬಳಿ. ತಂತ್ರಜ್ಞರಿರಲಿಲ್ಲ. 1860ರಲ್ಲಿ ಬ್ರಿಟಿಷರು ಖರ್ಚು ಜಾಸ್ತಿಯೆಂದು ಇಡೀ ಇಲಾಖೆಯನ್ನೇ ಮುಚ್ಚಿದರು. 1866ರಲ್ಲಿ ಮತ್ತೆ ತೆರೆದರು. ಮುಚ್ಚುವುದು, ಆಮೇಲೆ ತಪ್ಪು ಅರಿತು ತೆರೆಯುವುದು: ಈ ಎರಡು ಗುಣಗಳಲ್ಲಿ ಮೊದಲನೆಯದನ್ನು ನಮ್ಮ ಇಲಾಖೆಗಳು ಇಂದಿಗೂ ಭಕ್ತಿಯಿಂದ ಉಳಿಸಿಕೊಂಡಿವೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಅಣು, ಆಕಾಶ, ರಕ್ಷಣೆ, ವಿಜ್ಞಾನಕ್ಕೆ ಹಂಚಿಕೆಯಾಯಿತು. ಹಿಂದೆ ಅಲ್ಲಿ ಕಾವಲಿತ್ತು. ಈಗ ಗೇಟಿನಲ್ಲಿ ಕಾವಲುಗಾರನಿದ್ದಾನೆ.

ಗೋಮಾಳದ ಲೆಕ್ಕವೇ ನನ್ನ ಮೊದಲ ಪಾಠ. ಭೂ ಕಂದಾಯ ನಿಯಮದ ಪ್ರಕಾರ ನೂರು ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು. ಅಂದರೆ ತಲೆಗೆ 12 ಗುಂಟೆ. ಈಗ ಒಂದು ನಾಟಿ ಹಸುವನ್ನು ಈ 12 ಗುಂಟೆಯಲ್ಲಿ ನಿಲ್ಲಿಸೋಣ. ತೂಕ 250 ಕಿಲೋ ಇಟ್ಟುಕೊಳ್ಳಿ. ಅದು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡು, ಎರಡೂವರೆ ಪಾಲು ಒಣಮೇವು ತಿನ್ನುತ್ತದೆ, ಸುಮಾರು ಐದೂವರೆ ಕಿಲೋ. ವರ್ಷಕ್ಕೆ ಎರಡು ಟನ್. ಹುಲ್ಲುಗಾವಲು ಶಾಸ್ತ್ರದಲ್ಲಿ 'ಅರ್ಧ ಮೇಯಿಸು, ಅರ್ಧ ಉಳಿಸು' ಎಂಬ ಧರ್ಮವಿದೆ, ಇಲ್ಲದಿದ್ದರೆ ಮುಂದಿನ ವರ್ಷ ಬೇರೂ ಇರುವುದಿಲ್ಲ. ಹಾಗಾದರೆ ಆ 12 ಗುಂಟೆಯಲ್ಲಿ ನಾಲ್ಕು ಟನ್ ಒಣಹುಲ್ಲು ಬೆಳೆಯಬೇಕು, ಎಕರೆಗೆ ಹದಿಮೂರು ಟನ್. ನಮ್ಮ ಮಳೆಗೆ ತಾನಾಗಿ ಬೆಳೆಯುವ ಹುಲ್ಲು ಎಕರೆಗೆ ಒಂದು ಟನ್ ದಾಟಿದರೆ ಅದೇ ಹಬ್ಬ. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಹಸುವಲ್ಲ, ಹಸುವಿನ ಫೋಟೋ.

ಆ 12 ಗುಂಟೆಯಾದರೂ ಇದೆಯೇ ಎಂದು ಪಹಣಿ ತೆಗೆದು ನೋಡಿದರೆ ಇನ್ನೊಂದು ಕಥೆ. ಶಾಲೆ, ಆಸ್ಪತ್ರೆ, ಸ್ಮಶಾನ, ಆಶ್ರಯ ನಿವೇಶನ, ಸಮುದಾಯ ಭವನ, ಕಸದ ಗುಂಡಿ, ಊರಿಗೆ ಏನೇ ಬೇಕಾದರೂ ಮೊದಲು ಬೆರಳು ತೋರಿಸುವುದು ಗೋಮಾಳದ ಕಡೆಗೆ. ಉಳಿದದ್ದು ಬಗರ್‌ಹುಕುಂ. ಗೋಮಾಳವನ್ನು ದನ ಮೇಯ್ದು ಮುಗಿಸಿತೆಂದು ವರದಿಗಳಲ್ಲಿ ಬರೆಯುತ್ತಾರೆ, 'ಅತಿಯಾದ ಮೇಯಿಸುವಿಕೆ' ಎಂಬ ಶಾಸ್ತ್ರೀಯ ಪದವೂ ಇದೆ. ನಿಜವಾಗಿ ಮೇಯ್ದದ್ದು ಸಕ್ರಮದ ಅರ್ಜಿ ಫಾರಂ 50, ಆಮೇಲೆ ಫಾರಂ 53, ಅವೆರಡೂ ಬಿಟ್ಟದ್ದನ್ನು ಫಾರಂ 57. ಇವಕ್ಕೆ ಮೂಗುದಾರ ಹಾಕಿದವರನ್ನು ನಾನು ಕಂಡಿಲ್ಲ.

ದೇವರಾಜ ಅರಸರು ನಮ್ಮ ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು. 1974ರಲ್ಲಿ 'ಉಳುವವನೇ ಹೊಲದೊಡೆಯ' ಎಂದದ್ದು ಕಾನೂನಾಗಿ, ಎಷ್ಟೋ ಗೇಣಿದಾರರ ಮನೆಯಲ್ಲಿ ಒಲೆ ಉರಿಯಿತು. ಅದರ ಬಗ್ಗೆ ಕುಹಕವಾಡಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಆದರೆ ಮೇಯಿಸುವವನು ಯಾವುದರ ಒಡೆಯ ಎಂಬುದಕ್ಕೆ ಘೋಷಣೆಯೇ ಹುಟ್ಟಲಿಲ್ಲ. ಉತ್ತವನಿಗೆ ನೇಗಿಲ ಗೆರೆ ಸಾಕ್ಷಿ. ಮೇಯಿಸಿದವನಿಗೆ ಏನು ಸಾಕ್ಷಿ? ಸಗಣಿ. ಅದೂ ಒಂದು ಮಳೆಗೆ ಕರಗುತ್ತದೆ.

ಇನ್ನು ನನ್ನ ಕೆಲಸ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಬ್ಬಿಣದ ಚೌಕಟ್ಟು ಕೊಟ್ಟಿದ್ದಾರೆ. ಅದನ್ನು ಕಣ್ಣು ಮುಚ್ಚಿ ಎಸೆಯಬೇಕು. ಬಿದ್ದಲ್ಲಿ ಕೂತು ಒಳಗಿನ ಹುಲ್ಲನ್ನು ಜಾತಿವಾರು ಎಣಿಸಬೇಕು, ಕೊಯ್ಯಬೇಕು, ಒಣಗಿಸಬೇಕು, ತೂಗಬೇಕು, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಬರುವಂತೆ ಫೋಟೋ ಹೊಡೆದು ಕಳಿಸಬೇಕು. ಮೊದಲ ದಿನ ಕಾಡಂಚಿನ ಒಂದು ಜೇನುಕುರುಬರ ಹಾಡಿಯ ಪಕ್ಕ ಎಸೆಯುತ್ತಿದ್ದೆ. ಹಾಡಿಯ ಯಜಮಾನರು ಬೀಡಿ ಹಚ್ಚಿ ನೋಡುತ್ತ ಕೂತಿದ್ದರು. ನಾಲ್ಕನೇ ಸಲ ಎಸೆದಾಗ ಎದ್ದು ಬಂದರು.

"ಏನ್ ಕಳ್ಕಂಡ್ರಿ ಸಾರ್?"

"ಏನೂ ಇಲ್ಲ ಯಜಮಾನ್ರೆ. ಹುಲ್ಲು ಎಷ್ಟಿದೆ ಅಂತ ನೋಡ್ತಿದೀನಿ."

"ಅಂಗಾದ್ರೆ ಆ ಕಡೀಕ್ ಎಸೀರಿ. ಅಲ್ಲಿ ಒಸಿ ಅದೆ."

ಹಾಗೆ ಇರುವ ಕಡೆ ನೋಡಿ ಎಸೆಯಬಾರದು, ಯಾದೃಚ್ಛಿಕವಾಗಿ ಬೀಳಬೇಕು, ಅದು ಸಂಖ್ಯಾಶಾಸ್ತ್ರದ ನಿಯಮ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ನಮ್ಗೆ ಜಾಗ ಕೊಟ್ಟದ್ದೂ ಇಂಗೇ ಎಸ್ದೇಯಾ?" ಅಂದರು. ನಾನು ಚೌಕಟ್ಟು ಎತ್ತಿಕೊಂಡು ಮುಂದಕ್ಕೆ ಹೋದೆ.

ಅವರು ಬೆನ್ನಿಗೇ ಬಂದರು. ಇದು ಗರಿಕೆ, ಇದು ಕರಡ, ಮಳೆ ಬಿದ್ದ ಹದಿನೈದು ದಿನಕ್ಕೆ ಮೇಯಿಸಿದರೆ ಉಂಟು, ಮುಳ್ಳು ಬಂದ ಮೇಲೆ ದನದ ಬಾಯಿ ಹುಣ್ಣು. ಇದು ಮಜ್ಜಿಗೆ ಹುಲ್ಲು, ದನ ಮುಟ್ಟಲ್ಲ, ಚಾ ಮಾಡ್ಕೊಳ್ಳಿ. ಆ ಹಳ್ಳದ ಪಕ್ಕದ್ದನ್ನು ಕಾಟಿ ಬಿಟ್ಟರೆ ದನಕ್ಕೆ, ದನ ಬಿಟ್ಟರೆ ಮೊಲಕ್ಕೆ. ಪ್ರಬಂಧದಲ್ಲಿ ನಾನು ಒಂದು ಅಧ್ಯಾಯ ಬರೆದದ್ದನ್ನು ಅವರು ಒಂದು ಬೀಡಿಯಲ್ಲಿ ಮುಗಿಸಿದರು. ತಿಂಗಳ ಕೊನೆಗೆ ಹಾಜರಿ ಪಟ್ಟಿ ತಯಾರಾಯಿತು. ನಾನು 'ತಾಂತ್ರಿಕ ಪರಿಣತ'. ನನ್ನ ಜೊತೆ ಹತ್ತು ದಿನ ಓಡಾಡಿ ಹುಲ್ಲಿನ ಹೆಸರು ಹೇಳಿಕೊಟ್ಟವರು 'ಅಕುಶಲ ಕೂಲಿ'. ಅವರು ಹೆಬ್ಬೆಟ್ಟು ಒತ್ತಿದರು, ನಾನು ದೃಢೀಕರಿಸಿದೆ.

ಕರ್ನಾಟಕದಲ್ಲಿ ಜೇನುಕುರುಬರನ್ನೂ ಕೊರಗರನ್ನೂ ಕೇಂದ್ರ ಸರ್ಕಾರ 'ವಿಶೇಷ ದುರ್ಬಲ ಬುಡಕಟ್ಟು' ಎಂದು ಪಟ್ಟಿ ಮಾಡಿದೆ. ಹೆಸರಿನಲ್ಲಿ ವಿಶೇಷವೂ ಇದೆ, ದುರ್ಬಲವೂ ಇದೆ. ದುರ್ಬಲ ಮಾಡಿದವರು ಯಾರು ಎನ್ನುವುದಕ್ಕೆ ಮಾತ್ರ ಜಾಗ ಸಾಲಲಿಲ್ಲ. ನಾಗರಹೊಳೆ ಮಹಾರಾಜರ ಬೇಟೆ ಕಾಡಾಗಿತ್ತು, 1955ರಲ್ಲಿ ಅಭಯಾರಣ್ಯವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿಗೆ ಪ್ರತಿ ಬಡ್ತಿ ಬಂದಾಗಲೂ ಒಳಗಿದ್ದವರಿಗೆ ಒಂದು ವರ್ಗಾವಣೆ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಹೀಗೆ ಹೊರಬಿದ್ದವರನ್ನು ಎಣಿಸಿ 3,418 ಕುಟುಂಬ ಎಂದಿತು. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜೌಗು ಬಯಲುಗಳಲ್ಲಿ, ಭತ್ತ ಬೆಳೆದವರು. ಈಗ ಆ ಹಡ್ಲಿನಲ್ಲಿ ಜಿಂಕೆ ಮೇಯುತ್ತದೆ, ಕಾಟಿ ಮೇಯುತ್ತದೆ. ಸಫಾರಿ ಜೀಪು ನಿಲ್ಲುತ್ತದೆ. "ನೈಸರ್ಗಿಕ ಹುಲ್ಲುಗಾವಲು" ಎಂದು ಪ್ರವಾಸಿಗರು ಫೋಟೋದ ಕೆಳಗೆ ಬರೆದುಕೊಳ್ಳುತ್ತಾರೆ. ಬದು ಇನ್ನೂ ಕಾಣುತ್ತಿರುತ್ತದೆ.

ಇಂಥ ನೌಕರಿ ನನ್ನೊಬ್ಬನದೇನಲ್ಲ. ಅಮೆರಿಕದಲ್ಲಿ ಮೂಲನಿವಾಸಿಗಳ ಸೀಮೆಯಲ್ಲಿಯೂ ಹುಲ್ಲುಗಾವಲು ತಂತ್ರಜ್ಞರಿದ್ದಾರೆ, ಪಿಕಪ್ ಗಾಡಿ ಓಡಿಸುತ್ತಾರೆ, ಡಾಲರಿನಲ್ಲಿ ಎಣಿಸುತ್ತಾರೆ. ಈ ವಿದ್ಯೆಯ ಹಳೆಯ ಪುಟವೊಂದು ನವಾಹೋ ಜನರ ನಾಡಿನಲ್ಲಿದೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರ, ನಿಮ್ಮ ಕುರಿ ಜಾಸ್ತಿಯಾಗಿ ಮಣ್ಣು ಕೊಚ್ಚಿಹೋಗುತ್ತಿದೆ, ಆ ಹೂಳು ನಾವು ಕಟ್ಟುತ್ತಿರುವ ದೊಡ್ಡ ಹೂವರ್ ಅಣೆಕಟ್ಟೆಗೆ ಬಂದು ತುಂಬುತ್ತದೆ ಎಂದು ಲೆಕ್ಕ ಹಾಕಿತು. ಎಲ್ಲ ಪ್ರಾಣಿಗಳನ್ನೂ ಕುರಿಯ ಅಳತೆಗೆ ಇಳಿಸಿದರು: ಮೇಕೆ ಒಂದು ಕುರಿ, ಹಸು ನಾಲ್ಕು ಕುರಿ, ಕುದುರೆ ಐದು ಕುರಿ. ಮಿಕ್ಕಿದ್ದನ್ನು ಬಲವಂತವಾಗಿ ಕೊಂಡು ಸಾಗಿಸಿದರು. ಸಾಗಿಸಲಾಗದ್ದನ್ನು ಅಲ್ಲೇ ಕೊಂದರು. ಯಜಮಾನರಿಗೆ ಈ ಕಥೆ ಹೇಳಿದೆ. ಅವರು ಕಬಿನಿ ಕಟ್ಟೆಯ ನೀರಿನಲ್ಲಿ ಕಾಕನಕೋಟೆಯ ಕಾಡು ಮುಳುಗಿದ್ದನ್ನು ಕಂಡವರು, ಅಣೆಕಟ್ಟೆಯ ಮಾತಿಗೆ ಆಶ್ಚರ್ಯಪಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಒಂದಾಳ್ಗೆ ಎಷ್ಟು ಕುರಿ ಸಾರ್?"

ಕಾನೂನಿಗೆ ಬರೋಣ. ನನ್ನ ಕೆಲಸದ ಅರ್ಧ ಹುಲ್ಲಿನ ಮೇಲೆ, ಇನ್ನರ್ಧ ಕಾನೂನಿನ ಮೇಲೆ ನಿಂತಿದೆ, ಅರ್ಧ ದಿನ ಎರಡೂ ಇರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಮು ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸುತ್ತದೆ. ಜಾನುವಾರು ಎಂದರೆ ಯಾವುವು ಎಂಬ ಪಟ್ಟಿಯೂ ಅದೇ ಕಾಯ್ದೆಯಲ್ಲಿದೆ: ಎಮ್ಮೆ, ಗೂಳಿ, ಎತ್ತು, ಒಂಟೆ, ಹಸು, ಕತ್ತೆ, ಮೇಕೆ, ಕುರಿ, ಕುದುರೆ, ಹೇಸರಗತ್ತೆ, ಯಾಕ್, ಹಂದಿ, ಬಾತುಕೋಳಿ, ಹೆಬ್ಬಾತು, ಕೋಳಿ ಮತ್ತು ಇವುಗಳ ಮರಿಗಳು. ಹಿಮಾಲಯದ ಯಾಕ್ ಒಂದು ನಡೆದು ನಡೆದು ನಾಗರಹೊಳೆಯ ವೀರನಹೊಸಹಳ್ಳಿ ಗೇಟಿಗೆ ಬಂದರೆ ಏನು ಮಾಡಬೇಕೆಂಬುದರಲ್ಲಿ ನಮಗೆ ಗೊಂದಲವಿಲ್ಲ, ದೇವರು ದೊಡ್ಡವನು.

ಆದರೆ ಈ ನಿಷೇಧಕ್ಕೆ ಒಂದು ಕಿಂಡಿ ಇದೆ, ನಾನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡೆ. ಪ್ರವೇಶಕ್ಕೆ ಅನುಮತಿ ಪಡೆದವನು 'ವಾಹನವಾಗಿ' ಬಳಸುವ ಜಾನುವಾರಿಗೆ ಮಾತ್ರ ಒಳಗೆ ಬರಲು ಅಡ್ಡಿಯಿಲ್ಲ. ಎಂದರೆ ದನ ದನವಾಗಿ ಬರುವಂತಿಲ್ಲ, ವಾಹನವಾಗಿ ಬರಬಹುದು. ಶಿವ ಪಾಸು ತೆಗೆಸಿಕೊಂಡರೆ ನಂದಿಗೆ ತೊಂದರೆಯಿಲ್ಲ. ನಂದಿ ಒಂಟಿಯಾಗಿ ಬಂದರೆ ಕೇಸು. ಹುಲಿಯೇರಿ ಬರುವ ಮಾದೇಶ್ವರನಿಗೆ ಸಮಸ್ಯೆ ಇನ್ನೂ ದೊಡ್ಡದು. ವಾಹನ ಒಳಗಿನದೇ, ಹೊರಗೆ ಬಂದದ್ದು ಹೇಗೆ ಎಂದು ವಿಚಾರಣೆ ನಡೆಯುತ್ತದೆ.

ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3ನೇ ಕಲಮಿನಲ್ಲಿ ಮೇಯಿಸುವುದು ಸಮುದಾಯದ ಹಕ್ಕು ಎಂದೇ ಇದೆ, ಒಂದು ಕಡೆ ನಿಂತು ಮೇಯಿಸಿದರೂ ಸರಿ, ಅಲೆದು ಮೇಯಿಸಿದರೂ ಸರಿ. ಹೀಗೆ ಒಂದೇ ಹಸುವಿನ ಮುಂಗಾಲು ಒಂದು ಕಾಯ್ದೆಯಲ್ಲಿ, ಹಿಂಗಾಲು ಇನ್ನೊಂದರಲ್ಲಿ. ನಡುವಿನ ಹೊಟ್ಟೆ ಯಾವ ಇಲಾಖೆಗೆ ಸೇರಿದ್ದೆಂದು ಕೇಳಿ ನಾನು ಮೇಲಿನವರಿಗೆ ಪತ್ರ ಬರೆದೆ. 'ಸಂಬಂಧಪಟ್ಟವರನ್ನು ಸಂಪರ್ಕಿಸಿ' ಎಂಬ ಉತ್ತರ ಬಂತು. ಹಸುವನ್ನು ಸಂಪರ್ಕಿಸಿದೆ. ಅದು ಮೆಲುಕು ಹಾಕುತ್ತಿತ್ತು.

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೊಂದು ನಾಲ್ಕು ಮರಿಗಳ ಜೊತೆ ಸತ್ತಿತು. ನೋಡಿದವರ ಕರುಳು ಕಿವುಚುವ ಚಿತ್ರ ಅದು. ಅದರ ಬೆನ್ನಿಗೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಸೂಚನೆ ಬೆಂಗಳೂರಿನಿಂದ ಹೊರಟಿತು. ಕಾಡಂಚಿನವರು ಗುಲ್ಲೆಬ್ಬಿಸಿದ ಮೇಲೆ ಮಾತು ಹೊರರಾಜ್ಯದ ದನಗಳ ಕಡೆಗೆ ತಿರುಗಿತು. ನನಗೆ ಹೊಸ ಚಿಂತೆ ಹತ್ತಿಕೊಂಡಿತು. 'ಅಂಬಾ' ಅಂದರೆ ನಮ್ಮದು, 'ಅಮ್ಮಾ' ಅಂದರೆ ತಮಿಳುನಾಡಿನದು ಎಂದು ಗಡಿಯಲ್ಲಿ ಕಿವಿಗೊಟ್ಟು ನಿಲ್ಲಬೇಕಾದೀತೇ? ದನಕ್ಕೆ ಕನ್ನಡ ಕಡ್ಡಾಯವಾದರೆ ಪರೀಕ್ಷೆ ಯಾರು ನಡೆಸುತ್ತಾರೆ?

ಇಷ್ಟೆಲ್ಲ ಗಲಾಟೆಯ ನಡುವೆ ಯಾವ ಪಾಸೂ ಇಲ್ಲದೆ, ಯಾವ ಕಲಮಿಗೂ ಸಿಗದೆ, ಕಾಡಿನ ಉದ್ದಗಲಕ್ಕೂ ಮೇಯುತ್ತಿರುವುದು ಒಂದಿದೆ. ಲಂಟಾನ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚಂದಕ್ಕೆ ತಂದರು. ಚಂದಕ್ಕೆ ಬಂದದ್ದು ಬೇಲಿಗೆ ಬಂತು, ಬೇಲಿಯಿಂದ ಹೊಲಕ್ಕೆ ಬಂತು, ಹೊಲದಿಂದ ಕಾಡಿಗೆ ನಡೆಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ನಮ್ಮ ಹಿರಿಯರು ಗಾದೆಯಲ್ಲಿ ಕೇಳಿದ್ದರು, ನಾವು ಕಣ್ಣಾರೆ ಕಂಡೆವು. ದನ ತಿಂದರೆ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದವನು ನಾಗರಹೊಳೆಯ ಕಡೆ ಬಂದಿರಲಿಲ್ಲ. ಲಂಟಾನದ ಜೊತೆಗೆ ಈಗ ಹಳದಿ ಹೂವಿನ ಸೆನ್ನಾ ಮರ. ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ, ಮಲೆನಾಡಿನ ಕಡೆ ಕಮ್ಯುನಿಸ್ಟ್ ಗಿಡ. ಕಳೆಗೆ ಪಕ್ಷದ ಹೆಸರಿಡುವ ಪದ್ಧತಿಯನ್ನು ನಮ್ಮ ಜನ ಯಾಕೋ ಅರ್ಧಕ್ಕೆ ನಿಲ್ಲಿಸಿದ್ದಾರೆ. ಇನ್ನೂ ಹೆಸರಿಲ್ಲದ ಕಳೆಗಳು ಬೇಕಾದಷ್ಟಿವೆ, ಪಕ್ಷಗಳೂ ಇವೆ.

ಲಂಟಾನ ಹಬ್ಬಿದ್ದಕ್ಕೆ ಕಾರಣವೇನೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಅವರು 'ತರಗು ಬೆಂಕಿ' ನಿಂತದ್ದು ಅನ್ನುತ್ತಾರೆ. ಬೇಸಿಗೆ ಜೋರಾಗುವ ಮೊದಲು ಉದುರಿದ ತರಗಿಗೆ ಸಣ್ಣ ಬೆಂಕಿ ಕೊಡುವ ರೂಢಿ ಅದು. ಬೆಂಕಿ ಮೊಣಕಾಲೆತ್ತರಕ್ಕೆ ಹರಿದು ಹೋಗುತ್ತದೆ, ಮರಕ್ಕೆ ಏರುವುದಿಲ್ಲ, ಕಳೆಯ ಮರಿ ಸಾಯುತ್ತದೆ, ಮೊದಲ ಮಳೆಗೆ ಹುಲ್ಲು ಚಿಗುರುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಬೆಂಕಿ ಅಪರಾಧವಾಯಿತು. ಸೋಲಿಗರ ಮಾತನ್ನು ಪರಿಸರ ವಿಜ್ಞಾನಿಗಳು ಅಳೆದು ತೂಗಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಸೋಲಿಗ ಹೇಳಿದರೆ ತಪ್ಪೊಪ್ಪಿಗೆ, ವಿಜ್ಞಾನಿ ಹೇಳಿದರೆ ಸಂಶೋಧನೆ. ಈಗ ಬೆಂಕಿ ಇಲ್ಲವೆಂದಲ್ಲ. ಇಲಾಖೆ ಪ್ರತಿ ವರ್ಷ ಬೆಂಕಿ ರೇಖೆ ಸುಡಿಸುತ್ತದೆ, ಸುಡುವ ಕೂಲಿಗೆ ಹಾಡಿಯವರನ್ನೇ ಕರೆಯುತ್ತದೆ. ಅದೇ ಕೈ, ಅದೇ ಕಡ್ಡಿ. ರಸೀದಿ ಇದ್ದರೆ ಕರ್ತವ್ಯ, ಇಲ್ಲದಿದ್ದರೆ ಜಾಮೀನು. ದಶಕಗಟ್ಟಲೆ ಸುಡದೆ ಉಳಿದ ಕಳೆ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಂದೇ ಸಲ ಹೊತ್ತಿಕೊಂಡಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಪ್ಪಾದ ಆ ಗುಡ್ಡಗಳನ್ನು ಟೀವಿಯಲ್ಲಿ ಕಂಡವರು ಮರೆತಿರಲಾರರು.

ಲಂಟಾನಕ್ಕೆ ಮಾತ್ರ ಒಳ್ಳೆಯ ಕಾಲ ಬಂದಿದೆ. ನೀಲಗಿರಿಯ ಬೆಟ್ಟಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಕರ್ಮಿಗಳು ಅದರ ಕಡ್ಡಿ ಬಾಗಿಸಿ ನಿಜಗಾತ್ರದ ಆನೆ ಮಾಡಿದರು. ಆ ಆನೆಗಳು 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್ ಸುತ್ತಿದವು. ಅಂದರೆ ಲಂಟಾನಕ್ಕೆ ವೀಸಾ ಸಿಕ್ಕಿತು, ಆನೆಗೆ ವೀಸಾ ಸಿಕ್ಕಿತು, ಲಂಡನ್ನಿನ ಹುಲ್ಲಿನ ಮೇಲೆ ನಿಲ್ಲಲು ಯಾರೂ ಚೀಟಿ ಕೇಳಲಿಲ್ಲ. ಯಜಮಾನರಿಗೆ ಫೋಟೋ ತೋರಿಸಿದೆ. "ಒಳ್ಳೇದಾಯ್ತು ಬುಡಿ, ನಮ್ ಕಾಡ್ನಿಂದ್ಲೂ ಅಷ್ಟೂ ಕಳ್ಸಿಬುಡಿ" ಅಂದರು.

ಯಜಮಾನರ ಮಗ ಆನೆ ಶಿಬಿರದಲ್ಲಿ ಕಾವಾಡಿ. ನನ್ನ ಪ್ರಕಾರ ಈ ಸೀಮೆಯಲ್ಲಿ ಉಳಿದಿರುವ ನಿಜವಾದ ಹುಲ್ಲುಗಾವಲು ತಂತ್ರಜ್ಞ ಅವನೇ. ಐದು ಸಾವಿರ ಕಿಲೋದ ಪ್ರಾಣಿ ದಿನಕ್ಕೆ ನೂರೈವತ್ತು, ಇನ್ನೂರು ಕಿಲೋ ಸೊಪ್ಪು ಸದೆ ಕೇಳುತ್ತದೆ. ಯಾವ ಹಳ್ಳದ ಹುಲ್ಲು ಎಂದು ಕೊಯ್ಯಬೇಕು, ಯಾವ ಮರದ ಕೊಂಬೆ ಎಷ್ಟು ಕಡಿದರೆ ಮತ್ತೆ ಚಿಗುರುತ್ತದೆ, ರಾತ್ರಿ ಸರಪಳಿ ಎಳೆದುಕೊಂಡು ಮೇಯಲು ಹೋದ ಆನೆ ಬೆಳಿಗ್ಗೆ ಎಲ್ಲಿರುತ್ತದೆ, ಇದೆಲ್ಲ ಅವನ ತಲೆಯಲ್ಲಿದೆ. ವೀರನಹೊಸಹಳ್ಳಿಯಲ್ಲಿ ದಸರೆಯ ಗಜಪಯಣ ಶುರುವಾಗುವ ದಿನ ಮಂತ್ರಿಗಳು ಆನೆಗೆ ಹೂ ಹಾಕುತ್ತಾರೆ, ಕಬ್ಬು ಬೆಲ್ಲ ತಿನ್ನಿಸುತ್ತಾರೆ. ಮೈಸೂರಿನಲ್ಲಿ ತೂಕ ಹಾಕಿ ಯಾವ ಆನೆ ಎಷ್ಟು ಕಿಲೋ ಎಂದು ಪೇಪರಿನಲ್ಲಿ ಬರುತ್ತದೆ. ಹುಲ್ಲಿನಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕುಸುರೆ ಕಟ್ಟಿ ಆ ತೂಕ ಏರಿಸಿದವನ ತೂಕ ಕೇಳಿದವರಿಲ್ಲ. ಅಂದಹಾಗೆ, ಕಾಯ್ದೆಯ ಜಾನುವಾರು ಪಟ್ಟಿಯಲ್ಲಿ ಆನೆ ಇಲ್ಲ. ಇಲಾಖೆಯ ಆನೆ ರಾತ್ರಿಯಿಡೀ ಉದ್ಯಾನದೊಳಗೆ ಮೇಯಬಹುದು. ಅದನ್ನು ಮೇಯಿಸುವವನ ಮನೆಯ ಮೇಕೆ ಬೇಲಿ ದಾಟಿದರೆ ಆರೋಪಿ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಸಿರಿಧಾನ್ಯದ ವರ್ಷ ಮುಗಿದ ಮೇಲೆ ಬೇಜಾರಿನಲ್ಲಿದ್ದ ಫ್ಲೆಕ್ಸ್ ಅಂಗಡಿಯವರು ಚೇತರಿಸಿಕೊಂಡರು. ನಗರದ ಹೋಟೆಲೊಂದರಲ್ಲಿ ವಿಚಾರ ಸಂಕಿರಣ ನಡೆಯಿತು, ನನಗೂ ಕರೆ ಬಂದಿತ್ತು. ವೇದಿಕೆಯ ಹಿಂದೆ ಇಪ್ಪತ್ತಡಿಯ ಬ್ಯಾನರ್, ಅದರಲ್ಲಿ ಬೀಡಿ ಹಿಡಿದ ನಮ್ಮ ಯಜಮಾನರು. ಬೀಡಿಯನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೈಗೆ ಹುಲ್ಲಿನ ಎಸಳು ಕೊಟ್ಟಿದ್ದರು. ಅವರಿಗೆ ಕರೆ ಇರಲಿಲ್ಲ, ಚಿತ್ರ ಬಂದಿತ್ತಲ್ಲ. ಮಧ್ಯಾಹ್ನದ ಊಟ ಹೊರಗೆ ಹುಲ್ಲುಹಾಸಿನ ಪಕ್ಕ. ಹತ್ತು ತಿಂಗಳಲ್ಲಿ ನಾನು ಕಂಡ ಅತ್ಯಂತ ದಟ್ಟವಾದ ಹುಲ್ಲು ಅದು, ಬುಗ್ಗೆಯಿಂದ ನೀರು ಚಿಮ್ಮುತ್ತಿತ್ತು, ಅಂಚಿನಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕ. ಚೌಕಟ್ಟು ಎಸೆಯಲು ಕೈ ತುರಿಸಿತು. ಎಕರೆಗೆ ಹದಿಮೂರು ಟನ್ ಇದ್ದರೂ ಇರಬಹುದು.

ಬಂದ ಮೇಲೆ ಯಜಮಾನರಿಗೆ ಎಲ್ಲ ವರದಿ ಒಪ್ಪಿಸಿದೆ. ಬ್ಯಾನರಿನ ವಿಷಯಕ್ಕೆ ನಕ್ಕರು. ಸುಮ್ಮನೆ ಮಾತಿಗೆ ಮಾತು ಬಂದು ಆ ವಾಹನದ ಕಿಂಡಿಯನ್ನೂ ಹೇಳಿದೆ. ಅವರು ನಗಲಿಲ್ಲ.

"ಇನ್ನೊಂದ್ಸಾರಿ ಯೋಳಿ ಸಾರ್."

ಹೇಳಿದೆ.

ಮುಂದಿನ ಸೋಮವಾರ ಸಂಜೆ ಒಂದು ಗೇಟಿನ ಹತ್ತಿರ ನಾನು ಹುಲ್ಲಿನ ಮಾದರಿಯ ಚೀಲಗಳ ಜೊತೆ ತಡೆದು ನಿಂತಿದ್ದೆ. ಹುಲ್ಲು ಅರಣ್ಯ ಉತ್ಪನ್ನ, ಸಾಗಿಸಲು ಪಾಸು ಬೇಕು ಎಂದು ಗೇಟಿನವನು ಪಟ್ಟು ಹಿಡಿದಿದ್ದ. ಇದು ಹುಲ್ಲಲ್ಲ, ದತ್ತಾಂಶ ಎಂದು ನಾನು ವಾದಿಸುತ್ತಿದ್ದೆ. ಆಗ ರಸ್ತೆಯ ತಿರುವಿನಲ್ಲಿ ಯಜಮಾನರು ಬಂದರು. ಒಳಗಿನ ಹಾಡಿಗೆ ಹೋಗುವ ಅವರ ಗುರುತಿನ ಚೀಟಿ ಜೇಬಿನಲ್ಲಿತ್ತು. ಅವರು ನಡೆದು ಬರಲಿಲ್ಲ. ಮನೆಯ ಮುದಿ ಎತ್ತಿನ ಬೆನ್ನ ಮೇಲೆ ಕಂಬಳಿ ಹಾಸಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಸ್ಕೂಟರಿನ ಹಿಂದೆ ಕೂತ ಹೆಂಗಸರಂತೆ ಗಂಭೀರವಾಗಿ ಕೂತಿದ್ದರು.

"ಏಯ್, ದನ ಒಳೀಕ್ ಬುಡಂಗಿಲ್ಲ" ಅಂದ ಗೇಟಿನವನು.

"ದನ ಅಲ್ಲ ಸಾರ್, ಗಾಡಿ."

ಗೇಟಿನವನು ನನ್ನ ಮುಖ ನೋಡಿದ. ನಾನು ತಂತ್ರಜ್ಞ, ಸುಳ್ಳು ಹೇಳುವ ಹಾಗಿಲ್ಲ; 35ನೇ ಕಲಮು ಎಂದೆ. ಅವನು ರಿಜಿಸ್ಟರ್ ತೆರೆದ. ದಿನಾಂಕ ಬರೆದ, ಹೆಸರು ಬರೆದ, ಉದ್ದೇಶ ಬರೆದ. ಮುಂದಿನ ಕಾಲಮಿಗೆ ಬಂದಾಗ ಗೆದ್ದ ಧ್ವನಿಯಲ್ಲಿ ಕೇಳಿದ: "ನಂಬರ್ ಪ್ಲೇಟ್ ಎಲ್ಲಿ?"

ಯಜಮಾನರು ಬಗ್ಗಿ ಎತ್ತಿನ ಕಿವಿ ಹಿಡಿದು ತಿರುಗಿಸಿದರು. ಪಶು ಇಲಾಖೆಯವರು ಚುಚ್ಚಿಹೋದ ಹಳದಿ ಬಿಲ್ಲೆ, ಅದರ ಮೇಲೆ ಹನ್ನೆರಡು ಅಂಕಿ. ಗೇಟಿನವನು ಕನ್ನಡಕ ಏರಿಸಿ, ಒಂದೊಂದೇ ಅಂಕಿ ಬಾಯಿಬಿಟ್ಟು ಓದುತ್ತ, 'ವಾಹನ ಸಂಖ್ಯೆ' ಎಂಬಲ್ಲಿ ಬರೆಯತೊಡಗಿದ.